ಬಳೆ ಕೂರಿಸುವ ಜಾಗ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಹೆಕ್ಟರ್ ಮೆಕೆರೊ ತನ್ನ ಬಂದೂಕನ್ನು ಉಣ್ಣೆಯ ಚೀಲದಲ್ಲಿ ಸುತ್ತಿಕೊಂಡು ನೋಲಾಳ ತಗಡಿನ ಷೆಡ್ಡಿಗೆ ಬಂದ. ಬಲಗೈಯವನಾದರೂ ಬಂದೂಕು ಎಡಗಂಕುಳಲ್ಲಿತ್ತು. ಬಾಗಿಲನ್ನೂ ಎಡಭುಜದಿಂದಲೇ ದೂಡಿ ಒಳಗೆ ಬಂದ.

"ಏನ್ ಹುಡುಗಿ, ಒಲೆ ಹಚ್ಚಿಲ್ವಾ?"

"ಹಚ್ಚೋವಷ್ಟು ಚಳಿ ಇನ್ನೂ ಬಂದಿಲ್ಲ."

ನೋಲಾಳ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಹೆಕ್ಟರನ ಬಾಯಲ್ಲಿ ಮಾತ್ರ ಅವಳು ಇನ್ನೂ ಹುಡುಗಿ. ಮೇ ತಿಂಗಳಲ್ಲೇ ಚಳಿಗಾಲ ಕಾಲಿಡುವ ಆ ದಕ್ಷಿಣಗೋಳದ ನಾಡಿನಲ್ಲಿ, ಮಟಾರಾ ನದಿಯ ಆಚೆ ಈಚೆ ಬಂದೂಕು ಕೆಟ್ಟರೆ ಎಲ್ಲರೂ ಬರುತ್ತಿದ್ದುದು ಅವಳ ಹತ್ತಿರಕ್ಕೇ. ಹೆಕ್ಟರ್ ಒಬ್ಬ ಮಾತ್ರ ಇಷ್ಟು ವರ್ಷ ಈ ಬಾಗಿಲು ತುಳಿದಿರಲಿಲ್ಲ.

"ಡನೀಡನ್ ಆಸ್ಪತ್ರೇಲಿ ಭುಜ ಕುಯ್ದು ಕೀಲಿಗೆ ಉಕ್ಕಿನ ಗುಂಡು ಕೂರ್ಸಿದಾರೆ," ಎಂದು ಅವನು ಚೀಲ ಬಿಚ್ಚತೊಡಗಿದ. "ಬಂದೂಕು ಮುಟ್ಲೇಬೇಡ ಅಂದ ಡಾಕ್ಟ್ರು. ಬಾತುಬೇಟೆ ಇಲ್ಲ ಅಂದ್ರೆ ನಂಗೆ ಮೇ ತಿಂಗಳು ಯಾಕಪ್ಪಾ ಬರ್ಬೇಕು ಅಂದೆ. ಕೊನೆಗೆ, ಹಗುರ ತೋಟಾ ಹಾಕ್ಕೊಂಡು ಹೊಡ್ಕೋ, ಅದೂ ಸೀಸನ್ ಶುರುವಾಗೋ ತನಕ ಬೇಡ ಅಂದ."

ಚೀಲ ಕೆಳಗೆ ಜಾರಿತು. ಬೆಲ್ಜಿಯಂ ದೇಶದ ಹಳೆಯ ಬಂದೂಕು. ಬೆನ್ನು ಗೂನಾದ ಹಾಗೆ ಹಿಂಭಾಗ ಎತ್ತರ. ಮುಂದಿನ ಮರದ ಹಿಡಿಯಲ್ಲಿ ಉದ್ದಕ್ಕೆ ಒಂದು ಬಿರುಕು, ಅದನ್ನು ಅಂಟು ಹಾಕಿ ಕೂಡಿಸಿದ ಗೆರೆ. ನೋಲಾ ಅದನ್ನು ಎಲ್ಲಿ ಕಂಡರೂ ಗುರುತಿಸುತ್ತಿದ್ದಳು.

"ಇದ್ರ ಪರಿಚಯ ಇದೆಯಲ್ಲ ನಿಂಗೆ," ಎಂದು ಹೆಕ್ಟರ್ ನಕ್ಕ. "ನಿನ್ನನ್ನ ಕೆರೆಗೆ ಎತ್ತಿ ಒಗೆದಿದ್ದು ಇದೇನೇ. ಹುಷಾರು."

ನೋಲಾ ಕೈಯಲ್ಲಿದ್ದ ಅರವನ್ನು ಬೆಂಚಿನ ಮೇಲಿಟ್ಟಳು. "ಏನ್ ಮಾಡ್ಬೇಕು ಹೇಳಿ."

"ಮಗು ಬಂದು ಭುಜ ತಟ್ಟಿದ ಹಾಗಿರ್ಬೇಕು, ಅಷ್ಟೇ. ಒಳಗಿನ ಸ್ಪ್ರಿಂಗು ಬಳೆ ಎಲ್ಲ ನಂಗೆ ತಿಳಿಯಲ್ಲಮ್ಮ. ಅವತ್ತೂ ತಿಳೀತಿರ್ಲಿಲ್ಲ, ಇವತ್ತೂ ತಿಳಿಯಲ್ಲ."

ಅವನು ಹೋದ ಮೇಲೆ ನೋಲಾ ಬಹಳ ಹೊತ್ತು ಬಂದೂಕಿನ ಮುಂದೆ ನಿಂತಿದ್ದಳು. ಅವಳ ಎಡಗೈ ತಾನಾಗಿ ಬಲಗಡೆಯ ಕೊರಳೆಲುಬಿನ ಮೇಲೆ ಹೋಯಿತು. ಎಲುಬು ಕೂಡಿದ ಕಡೆ ಒಂದು ಗಂಟು ಅಂಗಿಯ ಮೇಲಿನಿಂದಲೂ ಕೈಗೆ ಸಿಗುತ್ತಿತ್ತು.

ಆಗ ಅವಳು ಉತ್ತರದ ಟೈಹಾಪೆಯಿಂದ ಉಣ್ಣೆ ಕತ್ತರಿಸುವ ತಂಡದ ಜೊತೆ ಬಂದ ಇಪ್ಪತ್ತರ ಹುಡುಗಿ. ಕುರಿ ಹಿಡಿದು ಕೂರಿಸಿ ಉಣ್ಣೆ ತೆಗೆಯುವ ಹೆಂಗಸರು ಆ ಸೀಮೆಯಲ್ಲಿ ಆಗ ಇರಲೇ ಇಲ್ಲವೆನ್ನಬೇಕು. ಊರಿನ ಪಂದ್ಯದಲ್ಲಿ ಅವಳು ಹೆಕ್ಟರನನ್ನು ಸೋಲಿಸಿದಳು. ಅವನ ಕುರಿಗಳ ಮೈಮೇಲೆ ಕತ್ತರಿ ತಾಗಿದ ಕೆಂಪು ಗೆರೆಗಳಿದ್ದವು, ಅವಳ ಕುರಿಗಳು ಬೆಳ್ಳಗಿದ್ದವು. ಹೆಕ್ಟರ್ ಎಲ್ಲರೆದುರು ಅವಳ ಕೈ ಕುಲುಕಿದ. ಬಾತುಬೇಟೆಯ ಮೊದಲ ದಿನ ತನ್ನ ಕೆರೆಗೆ ಬರಬೇಕು, ಗೆದ್ದವಳಿಗೆ ತನ್ನ ಬಂದೂಕೇ ಮರ್ಯಾದೆ ಎಂದ. ಅವನ ತಮ್ಮ ಕಾಲಿನ್ ಹಿಂದೆ ನಿಂತು ನಾಚಿಕೊಂಡು ನಗುತ್ತಿದ್ದ. ಕಾಲಿನ್ ನಗುತ್ತಿದ್ದಾನೆ ಎಂಬ ಕಾರಣಕ್ಕೇ ನೋಲಾ ಹೂಂ ಅಂದಿದ್ದಳು.

ಮೈಮೈಯಲ್ಲಿ, ಎಂದರೆ ಕೆರೆಯಂಚಿಗೆ ವಿಲೋ ಕಡ್ಡಿ ಹೆಣೆದು ಕಟ್ಟಿದ ಹೊಂಚುಗುಡಿಸಲಿನಲ್ಲಿ, ಅವಳು ಬಂದೂಕನ್ನು ಭುಜಕ್ಕೆ ಕೊಟ್ಟು ಕುದುರೆ ಒತ್ತಿದಳು. ಮುಂದಿನದು ಅವಳಿಗೆ ನೆನಪಿರುವುದು ನೀರಿನೊಳಗಿಂದ. ಮೇಲೆ ಗಂಡಸರ ನಗು, ಮೂಗಿನಲ್ಲಿ ಕೆಸರು. ಬಲಗೈ ಮಾತ್ರ ತನ್ನದಲ್ಲವೆಂಬಂತೆ ಜೋತಾಡುತ್ತಿತ್ತು. ಎಲುಬು ಮುರಿದು ಡೊಂಕಾಗಿ ಕೂಡಿತು. ಆ ಕೈಯಲ್ಲಿ ಅವಳು ಮತ್ತೆ ಕತ್ತರಿ ಹಿಡಿಯಲಿಲ್ಲ. ತಂಡ ಅವಳನ್ನು ಬಿಟ್ಟು ಮುಂದಿನ ಊರಿಗೆ ಹೋಯಿತು.

ಅವಳಿಗೆ ಆಸರೆ ಕೊಟ್ಟು ಕೆಲಸ ಕಲಿಸಿದವನು ವ್ಯಾಟಿ ಪುಲ್ಲರ್, ಊರಿನ ಮುದಿ ಬಂದೂಕು ರಿಪೇರಿಯವನು. ಅವಳು ಕೆರೆಗೆ ಬಿದ್ದ ದಿನವೇ ಸಂಜೆ ಅವನು ಆ ಬಂದೂಕನ್ನು ಬಿಚ್ಚಿ ನೋಡಿದ್ದ. ಆ ಜಾತಿಯ ಬಂದೂಕು ಹೊಡೆದಾಗ ನಳಿಗೆ ತಾನೇ ಹಿಂದಕ್ಕೆ ಜಾರಿ ಖಾಲಿ ತೋಟಾ ಉಗುಳಿ, ಇನ್ನೊಂದನ್ನು ತುಂಬಿಕೊಂಡು ಮುಂದಕ್ಕೆ ಬರುತ್ತದೆ. ಆ ಓಟಕ್ಕೆ ಕಡಿವಾಣ ಹಾಕಲು ಒಳಗೆ ಒಂದು ಸ್ಪ್ರಿಂಗು, ಒಂದು ಕಂಚಿನ ಹಿಡಿ, ಒಂದು ಉಕ್ಕಿನ ಬಳೆ. ಭಾರದ ತೋಟಾ ಹಾಕಿದರೆ ಬಳೆ ಮುಂದೆ ಕಂಚಿಗೆ ಒತ್ತಿ ಕೂರಬೇಕು, ಆಗ ಕಂಚು ಬಿಗಿಯಾಗಿ ನಳಿಗೆಯನ್ನು ತಡೆಯುತ್ತದೆ. ಹಗುರ ತೋಟಾ ಆದರೆ ಬಳೆಯನ್ನು ಸ್ಪ್ರಿಂಗಿನ ಹಿಂದಕ್ಕೆ ಹಾಕಬೇಕು, ಅಲ್ಲಿ ಅದಕ್ಕೆ ಕೆಲಸವಿಲ್ಲ. ಬಳೆ ಹಿಂದಿಟ್ಟು ಭಾರದ ತೋಟಾ ಹಾಕಿದರೆ ನಳಿಗೆ ಸುತ್ತಿಗೆಯ ಹಾಗೆ ಬಂದು ಬಡಿಯುತ್ತದೆ. ಮರ ಸೀಳುತ್ತದೆ, ಭುಜ ಮುರಿಯುತ್ತದೆ.

"ಹೋದ ವಾರ ನಾನೇ ನನ್ನ ಕೈಯಾರೆ ಬಳೆ ಮುಂದೆ ಕೂರ್ಸಿ ಕೊಟ್ಟಿದ್ದೆ," ಎಂದಿದ್ದ ವ್ಯಾಟಿ, ಆಸ್ಪತ್ರೆಯ ಮಂಚದ ಪಕ್ಕ ಟೋಪಿ ಹಿಂಡುತ್ತ. "ಈಗ ಹಿಂದಿದೆ. ತೋಟಾ ನೋಡಿದ್ರೆ ಹೆಬ್ಬಾತಿಗೆ ಹೊಡೆಯೋ ಅಂಥದ್ದು. ಯಾರೋ ಬೇಕಂತ್ಲೇ ಮಾಡಿದಾರೆ ಕಣೇ."

ಹೆಕ್ಟರ್ ಎಲ್ಲರ ಮುಂದೆ ಎರಡೂ ಕೈ ಎತ್ತಿದ. ಬಂದೂಕಿನ ಹೊಟ್ಟೆಯಲ್ಲಿ ಏನಿದೆ ಅಂತಲೇ ನಂಗೆ ಗೊತ್ತಿಲ್ಲ, ಬಳೆ ಅಂದ್ರೆ ನನ್ನ ಹೆಂಡ್ತಿ ಕೈಯಲ್ಲಿರೋದಾ ಅಂದ. ವ್ಯಾಟಿಗೆ ಕುಡಿತದ ಚಟ, ಮರೆತು ತಪ್ಪಾಗಿ ಕೂರಿಸಿದ್ದಾನೆ, ಈಗ ಇನ್ನೊಬ್ಬರ ತಲೆಗೆ ಕಟ್ಟುತ್ತಿದ್ದಾನೆ ಅಂದ. ಕಾಲಿನ್ ಅಣ್ಣನ ಪರವಾಗಿ ಆಣೆ ಮಾಡಿ ಹೇಳಿದ. ನೋಲಾ ಅವನ ಮುಖ ನೋಡಿ ಕೇಳಿದಳು, "ನೀನು ಇದನ್ನ ನಂಬ್ತೀಯಾ?" "ನನ್ನ ಅಣ್ಣ ಕಣೆ ಅವನು," ಎಂದ ಕಾಲಿನ್. ಅಲ್ಲಿಗೆ ಅವರಿಬ್ಬರ ನಡುವಿನದು ಮುಗಿಯಿತು.

ಊರು ಹೆಕ್ಟರನ ಮಾತನ್ನೇ ಹಿಡಿಯಿತು. ಜನ ವ್ಯಾಟಿಯ ಷೆಡ್ಡಿಗೆ ಬರುವುದು ಬಿಟ್ಟರು. ವ್ಯಾಟಿ ಷೆಡ್ಡನ್ನು ಅವಳಿಗೆ ಬಿಟ್ಟು, ಆ ಕಳಂಕ ಹೊತ್ತೇ ಸತ್ತ. ಮಣ್ಣು ಹಾಕಲು ನೋಲಾ, ಪಾದ್ರಿ, ನೆರೆಮನೆಯ ತರುಣ ಪೀಟಾ ವೈಟಿರಿ, ಇಷ್ಟೇ ಜನ. ಅವಳ ಹೆಸರಿಗೆ ಗಿರಾಕಿಗಳು ತಿರುಗಿ ಬರಲು ವರ್ಷಗಟ್ಟಲೆ ಹಿಡಿಯಿತು. ಅಷ್ಟು ಕಾಲವೂ ಹೆಕ್ಟರ್ ಹೆಂಡದಂಗಡಿಯಲ್ಲಿ ಹಾರಿಬಿದ್ದ ಹುಡುಗಿಯ ಕತೆ ಹೇಳಿ ಜನರನ್ನು ನಗಿಸುತ್ತಿದ್ದ.

ಈಗ ಅದೇ ಬಂದೂಕು ಅವಳ ಬೆಂಚಿನ ಮೇಲೆ ಮಲಗಿತ್ತು.

ಮೊದಲು ಅವಳಿಗೆ ಹೊಳೆದದ್ದು ನೇರವಾದ ದಾರಿ. ಬಳೆ ಹಿಂದೆ, ತೋಟಾ ಭಾರದ್ದು. ಡನೀಡನ್‌ನ ಉಕ್ಕಿನ ಗುಂಡು ಗೂಡಿನಿಂದ ಕಿತ್ತು ಬರಬೇಕು. ಆ ಯೋಚನೆಯನ್ನು ಅವಳು ಎರಡು ದಿನ ಬಾಯಲ್ಲಿ ಮಿಠಾಯಿಯಂತೆ ಚೀಪಿದಳು. ಆಮೇಲೆ ಅದು ರುಚಿಗೆಟ್ಟಿತು. ಒಂದೇ ಏಟಿಗೆ ಮುಗಿದುಹೋಗುತ್ತದೆ, ಹೆಕ್ಟರನಿಗೆ ಎಲ್ಲರ ಮರುಕ ಸಿಗುತ್ತದೆ. ಜೊತೆಗೆ ವ್ಯಾಟಿಯ ಷೆಡ್ಡಿನಲ್ಲಿ ಮತ್ತೆ ಬಳೆ ತಪ್ಪಿ ಕೂತಿತು ಎಂದು ಊರು ಹೇಳುತ್ತದೆ. ಅದು ಬೇಡ. ಅವನು ಮುರಿಯಬಾರದು, ಸವೆಯಬೇಕು.

ಅವಳು ಬಳೆಯನ್ನು ಮುಂದೆ ಕೂರಿಸಿದಳು, ಭಾರದ ತೋಟಾಕ್ಕೆ ಕೂರಿಸುವ ಹಾಗೆ. ಹಗುರ ತೋಟಾಕ್ಕೆ ಆ ಬಿಗಿ ಹೆಚ್ಚು, ನಳಿಗೆ ಅರ್ಧಕ್ಕೇ ಸೋತು ನಿಲ್ಲುತ್ತದೆ. ಆಮೇಲೆ ಸ್ಪ್ರಿಂಗು, ಬಳೆ ಪೋಣಿಸಿದ ಒಳಗಿನ ಕೊಳವೆಗೆ ಚೂರು ಚೂರೇ ಎಣ್ಣೆ ಸವರುತ್ತ, ಸ್ಪ್ರಿಂಗು ಬದಲಿಸುತ್ತ, ಮನೆಯ ಹಿಂದಿನ ಟರ್ನಿಪ್ ಹೊಲದಲ್ಲಿ ಹೊಡೆದು ಹೊಡೆದು ನೋಡಿದಳು. ಈ ಬಂದೂಕು ಕೆಲಸ ಮಾಡಲು ಹಿಂದೆ ಗೋಡೆಯಂಥ ಭುಜ ಬೇಕು. ಭುಜ ಸಡಿಲವಾಗಿ ಹಿಂದಕ್ಕೆ ಹೋದರೆ ಬಂದೂಕೂ ಅದರ ಜೊತೆ ಹೋಗುತ್ತದೆ, ನಳಿಗೆಗೆ ಓಡುವ ಬಲ ಉಳಿಯುವುದಿಲ್ಲ. ಅವಳು ಬಂದೂಕನ್ನು ಆ ಅಂಚಿಗೆ ತಂದು ನಿಲ್ಲಿಸಿದಳು. ತಾನು ಮೈ ಬಿಗಿದು ಹಿಡಿದರೆ ಗಡಿಯಾರದ ಹಾಗೆ ಓಡಬೇಕು. ನೋವಿಗೆ ಹೆದರಿ ಭುಜ ಹಿಂದೆ ಸರಿಸುವವನ ಕೈಯಲ್ಲಿ ಒಂದೇ ಗುಂಡಿಗೆ ಕಚ್ಚಿಕೊಳ್ಳಬೇಕು.

ಹೆಕ್ಟರ್ ಬಂದಾಗ ಅವಳೇ ಅವನ ಹಗುರ ತೋಟಾ ತುಂಬಿ ಹೊಲದ ಕಡೆ ತಿರುಗಿ ಪಟಪಟನೆ ಹೊಡೆದು ತೋರಿಸಿದಳು. ಖಾಲಿ ತೋಟಾಗಳು ಹುಲ್ಲಿನ ಮೇಲೆ ಉದುರಿದವು.

"ಬೆಣ್ಣೆ ಇದ್ದಂಗಿದೆ," ಎಂದ ಹೆಕ್ಟರ್. "ಮೊದಲನೇ ದಿನ ನೀನೂ ಕೆರೆಗೆ ಬಾ ಹುಡುಗಿ. ಈ ಸಲ ಒಣಗಿದ ಕಡೆ ನಿಲ್ಲಿಸ್ತೀನಿ."

"ಬರ್ತೀನಿ," ಎಂದಳು ನೋಲಾ.

ಮೇ ತಿಂಗಳ ಮೊದಲ ಶನಿವಾರ ಕೆರೆಯ ಅಂಚಿನಲ್ಲಿ ತೆಳು ಮಂಜುಗಡ್ಡೆ ಕಟ್ಟಿತ್ತು. ಮೈಮೈಯಲ್ಲಿ ಹೆಕ್ಟರ್, ಕಾಲಿನ್, ಪೀಟಾ, ಪೀಟಾನ ಕರಿನಾಯಿ, ಕೊನೆಗೆ ನೋಲಾ. ಕಾಲಿನ್ ಅವಳಿಗೆ ಜಾಗ ಬಿಟ್ಟು ಸರಿದ. ಇಷ್ಟು ವರ್ಷವಾದರೂ ಅವಳ ಕಣ್ಣಿಗೆ ಕಣ್ಣು ಕೊಡಲು ಅವನಿಗೆ ಆಗುತ್ತಿರಲಿಲ್ಲ. ಬೆಳಕು ಹರಿಯುತ್ತಿದ್ದಂತೆ ಮೊದಲ ಹಿಂಡು ವಿಲೋ ಮರಗಳ ಮೇಲಿಂದ ರೆಕ್ಕೆ ಬಾಗಿಸಿ, ಆಸೆ ತೋರಿಸಲು ನೀರಲ್ಲಿ ತೇಲಬಿಟ್ಟ ಹುಸಿಬಾತುಗಳ ಕಡೆ ಇಳಿಯಿತು.

ಹೆಕ್ಟರ್ ಎದ್ದು ಹೊಡೆದ. ಒಂದು ಬಾತು ಬಿತ್ತು. ಎರಡನೆಯದಕ್ಕೆ ಕುದುರೆ ಒತ್ತಿದರೆ ಏನೂ ಇಲ್ಲ. ಖಾಲಿ ತೋಟಾ ಹೊರಬೀಳದೆ ಬಂದೂಕಿನ ಕಿಂಡಿಯಲ್ಲೇ ಕಚ್ಚಿಕೊಂಡಿತ್ತು. ಬಲಗೈಯಿಂದ ಅದನ್ನು ಎಳೆಯಹೋಗಿ ಅವನು ಹಲ್ಲು ಕಚ್ಚಿದ. ಅಷ್ಟರಲ್ಲಿ ಹಿಂಡು ಗುಡ್ಡದಾಚೆ ಹೋಗಿತ್ತು.

ಎರಡನೇ ಹಿಂಡಿಗೂ ಅದೇ ಕತೆ. ಮೂರನೆಯದಕ್ಕೂ ಅದೇ.

"ಏನ್ ಕೊಟ್ಯೇ ನಂಗೆ?" ಎಂದು ಅವನು ನೋಲಾಳ ಕಡೆ ತಿರುಗಿದ.

"ಕೊಡಿ ಇಲ್ಲಿ." ಅವಳು ಬಂದೂಕು ತೆಗೆದುಕೊಂಡು, ಪಾದ ಊರಿ, ಮುರಿದು ಕೂಡಿದ ಎಲುಬಿಗೆ ಅದನ್ನು ಒತ್ತಿ ಹಿಡಿದಳು. ಬಾತುಗಳ ಜೋಡಿಯೊಂದು ಎಡದಿಂದ ಬಂತು. ಎರಡು ಗುಂಡು, ಎರಡೂ ಬಿದ್ದವು. ಮೂರನೆಯದನ್ನು ಸುಮ್ಮನೆ ಆಕಾಶಕ್ಕೆ ಹೊಡೆದು ಬಂದೂಕನ್ನು ಹಿಂದಕ್ಕೆ ಕೊಟ್ಟಳು. "ಬಂದೂಕು ಚೆನ್ನಾಗಿದೆಯಲ್ಲ."

ಪೀಟಾ ನಕ್ಕ. ಕಾಲಿನ್‌ಗೂ ತಡೆಯಲಾಗಲಿಲ್ಲ. "ಒಂಟಿಗುಂಡಿನ ಹೆಕ್ಟರಣ್ಣ," ಎಂದ. ಹೆಕ್ಟರನ ಕಿವಿ ಕೆಂಪಾಯಿತು. ಆ ಕೆಂಪನ್ನು ನೋಲಾ ಚಹಾ ಕುಡಿಯುತ್ತ ನೋಡಿದಳು.

ಹೆಸರು ಸೋಮವಾರದ ಹೊತ್ತಿಗೆ ಕುರಿ ಹರಾಜಿನ ಅಂಗಳ ಮುಟ್ಟಿತು. ಹೆಂಡದಂಗಡಿಯಲ್ಲಿ ಒಂದು ಲೋಟ ಕೇಳಿದರೆ, "ಒಂದೇ ಸಾಕಾ ಹೆಕ್ಟರಣ್ಣ, ಎರಡನೇದು ಬರಲ್ವಾ?" ಎನ್ನುವವರು ಹುಟ್ಟಿಕೊಂಡರು. ಜೂನ್ ತಿಂಗಳೆಲ್ಲ ಅವನು ಮೇಲಿಂದ ಮೇಲೆ ಬಂದೂಕು ತಂದ. ಒಳಗೆ ಬಿಚ್ಚಿ ನೋಡುವುದು ಅವನಿಂದ ಆಗದ ಮಾತು, ನಳಿಗೆಯನ್ನು ಸ್ಪ್ರಿಂಗಿನ ವಿರುದ್ಧ ಒತ್ತಿ ಹಿಡಿಯಲು ಎರಡು ಗಟ್ಟಿ ಭುಜ ಬೇಕು. ಪ್ರತಿ ಸಲವೂ ನೋಲಾ ಅವನೆದುರು ಹೊಡೆದು ತೋರಿಸಿದಳು.

"ನಂಗ್ಯಾಕೆ ಹಿಂಗಾಗುತ್ತೆ ಹಾಗಾದ್ರೆ?"

"ವಯಸ್ಸಾಯ್ತಲ್ಲ. ಭುಜದಲ್ಲಿ ಕಸುವಿಲ್ಲ."

ಅವನು ಅದನ್ನು ನಂಬತೊಡಗಿದ. ಬೇಲಿಯ ಗೂಟ ಹೊಡೆಯಲು ಆಳು ಕರೆದ. ಟ್ರಕ್ಕಿನಲ್ಲಿ ಹೆಂಡತಿಯನ್ನು ಸ್ಟೀರಿಂಗಿನ ಮುಂದೆ ಕೂರಿಸಿ ತಾನು ಪಕ್ಕದಲ್ಲಿ ಕೂತು ಬಂದ. ಕತೆ ಹೇಳುವುದು ನಿಂತಿತು. ನೋಲಾಗೆ ಬಹಳ ವರ್ಷಗಳ ಮೇಲೆ ಒಳ್ಳೆಯ ನಿದ್ದೆ ಬರುತ್ತಿತ್ತು. ಪಶ್ಚಾತ್ತಾಪ ಎಲ್ಲಾದರೂ ಇದೆಯೇ ಎಂದು ಅವಳು ತನ್ನೊಳಗೆ ಹುಡುಕಿ ನೋಡಿದಳು. ಸಿಗಲಿಲ್ಲ.

ಜುಲೈನಲ್ಲಿ ಒಂದು ಮಧ್ಯಾಹ್ನ ಪೀಟಾ ಉಪ್ಪು ಹಾಕಿದ ಟೀಟೀ ಹಕ್ಕಿಯ ಮಾಂಸ ತಂದುಕೊಟ್ಟ. ಬೆಂಚಿನ ಮೇಲೆ ಹೆಕ್ಟರನ ಬಂದೂಕು ಬಿಚ್ಚಿಟ್ಟಿತ್ತು. ಪೀಟಾ ಬಗ್ಗಿ ನೋಡಿದ. ಬಳೆ ಎಲ್ಲಿದೆ ಎಂದು ನೋಡಿದ, ಪಕ್ಕದಲ್ಲಿದ್ದ ಹಗುರ ತೋಟಾದ ಪೆಟ್ಟಿಗೆ ನೋಡಿದ.

"ಅಕ್ಕಾ, ಇದು ನಿನ್ನ ಅಳತೆಗೆ ಹೊಲಿದ ಅಂಗಿ."

ನೋಲಾ ತೋಟಾದ ಪೆಟ್ಟಿಗೆಯ ಮುಚ್ಚಳ ಹಾಕಿದಳು.

"ನಾನೇನೂ ಬೇಡ ಅನ್ನಲ್ಲ. ವ್ಯಾಟಿ ಪೆಟ್ಟಿಗೆ ಹೊತ್ತವನು ನಾನು. ಆದ್ರೆ ಅವನು ಏನಂದ್ಕೊಂಡಿದಾನೆ? ಮುಪ್ಪು ಬಂತು ಅಂದ್ಕೊಂಡಿದಾನೆ. ಮುಪ್ಪು ಎಲ್ರಿಗೂ ಬರುತ್ತೆ. ಇದ್ರಲ್ಲಿ ನಿನ್ನ ಪಾಲು ಎಲ್ಲಿದೆ? ವ್ಯಾಟಿದು ಎಲ್ಲಿದೆ?"

"ಹೇಳಿದ್ರೆ ಒಪ್ಕೊಳ್ತಾನಾ? ಕೈ ಎತ್ತಿಬಿಡ್ತಾನೆ, ನಂಗೇನೂ ತಿಳಿಯಲ್ಲ ಅಂತ."

"ಅದೂ ನಿಜ," ಎಂದು ಪೀಟಾ ಎದ್ದ. "ಮಾಂಸ ಮೂರು ನೀರಲ್ಲಿ ಕುದಿಸು. ಈ ಸಲ ಉಪ್ಪು ಜಾಸ್ತಿ."

ಅವನು ಹೋದ ಮೇಲೆ ಅವಳಿಗೆ ಕೋಪ ಬಂತು, ಪೀಟಾನ ಮೇಲಲ್ಲ. ಮಾಡಿದ್ದೆಲ್ಲ ಕತ್ತಲಲ್ಲಿ ಕಲ್ಲೆಸೆದ ಹಾಗಾಗಿತ್ತು. ಏಟು ತಿಂದವನು ಮಳೆ ಬಂತೆಂದುಕೊಂಡು ಕೊಡೆ ಬಿಚ್ಚುತ್ತಿದ್ದ. ಆಗ, ನಂಗೇನೂ ತಿಳಿಯಲ್ಲ ಎಂಬ ಅದೇ ಮಾತಿನ ಮೇಲೆ ಅವಳ ಯೋಚನೆ ನಿಂತಿತು.

ಸೀಸನ್ನಿನ ಕೊನೆಯ ಬೆಳಿಗ್ಗೆ ಅವಳು ಕರೆಯದೆಯೇ ಕೆರೆಗೆ ಹೋದಳು. ಹೆಕ್ಟರ್ ಆಗಲೇ ಒಂದು ಗುಂಡು ಹೊಡೆದು, ಕಚ್ಚಿಕೊಂಡ ತೋಟಾವನ್ನು ಬೆರಳಿನಿಂದ ಮೀಟುತ್ತ ಕೂತಿದ್ದ. ಕಾಲಿನ್ ಒಲೆಯ ಮೇಲೆ ಚೀಸ್ ರೋಲ್ ಬಿಸಿ ಮಾಡುತ್ತಿದ್ದ. ಪೀಟಾ ನಾಯಿಯ ಕಿವಿ ಒರೆಸುತ್ತಿದ್ದ.

ನೋಲಾ ಬಂದೂಕು ತೆಗೆದುಕೊಂಡು ತೋಟಾಗಳನ್ನೆಲ್ಲ ಹೊರಗೆ ಹಾಕಿದಳು. ಹಲಗೆಯ ಮೇಲೆ ಗೋಣಿ ಹಾಸಿ ಅದನ್ನು ಬಿಚ್ಚಿದಳು. ಕೊಳವೆಯ ತುದಿಯ ಟೊಪ್ಪಿ, ಮರದ ಹಿಡಿ, ನಳಿಗೆ, ಕಂಚು, ಬಳೆ, ಸ್ಪ್ರಿಂಗು.

"ಏನ್ ಮಾಡ್ತಿದೀಯಾ?" ಎಂದ ಹೆಕ್ಟರ್.

"ನಿನ್ನ ಭುಜಕ್ಕೆ ಏನೂ ಆಗಿಲ್ಲ ಹೆಕ್ಟರ್." ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು. "ಬಳೆ ತಪ್ಪು ಜಾಗದಲ್ಲಿತ್ತು. ನಾನೇ ಇಟ್ಟಿದ್ದೆ, ಬೇಕಂತ್ಲೇ. ಸೀಸನ್ ಪೂರ್ತಿ."

ಕಾಲಿನ್ ಚೀಸ್ ರೋಲ್ ತಿರುಗಿಸುತ್ತಿದ್ದವನು ಹಾಗೇ ನಿಂತ. ಹೆಕ್ಟರನ ಮುಖ ಮೊದಲು ಬಿಳಿಚಿ ಆಮೇಲೆ ಕಪ್ಪಾಯಿತು.

"ನನ್ನ ಮರ್ಯಾದೆ ಊರಲ್ಲೆಲ್ಲ ತೆಗೆದ್ಯಲ್ಲೇ..."

"ತಮಾಷೆಗೆ," ಎಂದಳು ನೋಲಾ. "ಈಗ ನೀನೇ ಜೋಡಿಸ್ಕೋ. ಹಗುರ ತೋಟಾಕ್ಕೆ ಬಳೆ ಎಲ್ಲಿ ಕೂರ್ಬೇಕೋ ಅಲ್ಲಿ ಕೂರ್ಸು. ನಾನು ಕೈ ಹಾಕಲ್ಲ. ನಿಂಗೆ ತಿಳಿಯಲ್ಲ ಅಂದ್ರೆ ಹಿಂಗೇ ಚೀಲಕ್ಕೆ ತುಂಬ್ಕೊಂಡು ಮನೆಗೆ ಹೋಗು."

ಅವಳು ದೂರ ಸರಿದು ಕೈಕಟ್ಟಿ ನಿಂತಳು. ಅದೇ ಹೊತ್ತಿಗೆ ದೊಡ್ಡ ಹಿಂಡೊಂದು ಗುಡ್ಡದಂಚಿನಲ್ಲಿ ಕಾಣಿಸಿತು, ಗಾಳಿಗೆ ಎದುರಾಗಿ ನಿಧಾನವಾಗಿ ಕೆರೆಯ ಕಡೆಗೇ ಬರುತ್ತಿತ್ತು. ಸೀಸನ್ನಿನಲ್ಲೇ ಅಂಥದ್ದು ಬಂದಿರಲಿಲ್ಲ. ನಾಯಿ ಎದ್ದು ಕುಂಯ್‌ಗುಟ್ಟಿತು.

ಹೆಕ್ಟರ್ ಹಿಂಡನ್ನು ನೋಡಿದ. ಭುಜಕ್ಕೆ ಏನೂ ಆಗಿಲ್ಲವೆಂಬ ಮಾತು ಅವನ ರಕ್ತಕ್ಕೆ ಇಳಿದಿತ್ತೋ ಏನೋ, ಅವನು ಇನ್ನೇನನ್ನೂ ಯೋಚಿಸಲಿಲ್ಲ.

"ಕಾಲಿನ್, ನಳಿಗೆ ಒತ್ತಿ ಹಿಡಿ, ಬೇಗ," ಎಂದ. ಅವನ ಬೆರಳುಗಳು ಗೋಣಿಯ ಮೇಲೆ ಹರಿದವು. ಬಳೆ ಎತ್ತಿ, ಅದರ ಓರೆಯಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಸ್ಪ್ರಿಂಗಿಗಿಂತ ಮುಂಚೆ ಕೊಳವೆಯ ಬುಡಕ್ಕೆ ಇಳಿಸಿದ. ಆಮೇಲೆ ಸ್ಪ್ರಿಂಗು, ಅದರ ಮೇಲೆ ಕಂಚು. ಒಮ್ಮೆಯೂ ತಡವರಿಸಲಿಲ್ಲ. ಅವನ ಕಣ್ಣು ಪೂರ್ತಿ ಆಕಾಶದಲ್ಲೇ ಇತ್ತು, ಕೈಗಳಿಗೆ ಕಣ್ಣು ಬೇಕಾಗಿರಲಿಲ್ಲ.

"ಒತ್ತೋ ಅಂದ್ರೆ!"

ಕಾಲಿನ್ ನಳಿಗೆ ಹಿಡಿದಿರಲಿಲ್ಲ. ಅಣ್ಣನ ಕೈ ನೋಡುತ್ತಿದ್ದ.

"ನಿಂಗೆ ಗೊತ್ತಿತ್ತು," ಎಂದ.

ಹೆಕ್ಟರ್ ಆಗ ತನ್ನ ಕೈಗಳ ಕಡೆ ನೋಡಿದ. ಹಿಂಡು ಅವರ ತಲೆಯ ಮೇಲೆ ಒಂದು ಸುತ್ತು ಹಾಕಿ, ಯಾರೂ ಅಲುಗದ್ದರಿಂದ ಧೈರ್ಯ ಬಂದು, ನೀರಿಗೆ ಇಳಿಯಿತು.

"ಎಲ್ಲೋ ಯಾರೋ ಮಾಡೋದು ನೋಡಿದ್ದೆ..."

"ನಾನು ಆಣೆ ಮಾಡಿದ್ದೆ," ಎಂದ ಕಾಲಿನ್. ಅವನ ದನಿ ಏರಲಿಲ್ಲ. "ವ್ಯಾಟಿಯ ಎದುರಿಗೇ ನಿಂತ್ಕೊಂಡು, ನನ್ನ ಅಣ್ಣನಿಗೆ ಬಂದೂಕಿನ ಒಳಗೆ ಏನಿದೆ ಅಂತಾನೂ ಗೊತ್ತಿಲ್ಲ ಅಂತ ಆಣೆ ಮಾಡಿದ್ದೆ. ಆ ಮುದುಕನ ಮಣ್ಣಿಗೂ ನಾನು ಹೋಗ್ಲಿಲ್ಲ."

"ಹುಡುಗಾಟಕ್ಕೆ ಕಣೋ. ಬಿದ್ದು ಅಳ್ತಾಳೆ ಅಂದ್ಕೊಂಡಿದ್ದೆ. ಮೂಳೆ ಮುರಿಯುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಕಾಲಿನ್ ಒಲೆ ಆರಿಸಿ, ತನ್ನ ಬಂದೂಕು ತೆಗೆದುಕೊಂಡು ಹೊರಟ. ನೋಲಾಳ ಮುಂದೆ ಒಂದು ಗಳಿಗೆ ನಿಂತು ಬಾಯಿ ತೆರೆದ. ಅವಳು ತಲೆ ಆಡಿಸಿದಳು, ಬೇಡ ಎಂಬ ಹಾಗೆ. ಅವನು ಮಂಜು ಬಿದ್ದ ಹುಲ್ಲಿನ ಮೇಲೆ ನಡೆದುಕೊಂಡೇ ಹೋದ. ಅಣ್ಣನ ಟ್ರಕ್ಕಿನಲ್ಲಿ ಬಂದಿದ್ದವನು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಹೆಕ್ಟರ್ ಹಲಗೆಯ ಮೇಲೆ ಕೂತಿದ್ದ. ಬಳೆ ಸರಿಯಾದ ಜಾಗದಲ್ಲಿ ಕೂತಿತ್ತು, ನಳಿಗೆ ಒತ್ತಿ ಹಿಡಿಯಲು ಯಾರೂ ಇರಲಿಲ್ಲ. ಬಾತುಗಳು ಹುಸಿಬಾತುಗಳ ನಡುವೆ ನಿಶ್ಚಿಂತೆಯಿಂದ ಈಜುತ್ತಿದ್ದವು.

ನೋಲಾ ಮನೆಗೆ ಬಂದಾಗ ಅವಳಿಗೆ ಹಸಿವೆಯೋ ಹಸಿವು. ಪೀಟಾ ಕೊಟ್ಟ ಮಾಂಸವನ್ನು ಕುದಿಸಿ, ಆಲೂಗಡ್ಡೆ ಬೇಯಿಸಿ, ತಟ್ಟೆ ಖಾಲಿಯಾಗುವವರೆಗೆ ಯಾವ ಯೋಚನೆಯೂ ಇಲ್ಲದೆ ತಿಂದಳು. ಆಮೇಲೆ ಒಮ್ಮೆ ಅಳು ಬಂತು. ಅದು ವ್ಯಾಟಿಗಾಗಿ.

ಪೀಟಾ ಬಾಯಿ ಮುಚ್ಚಿಕೊಂಡಿರುವ ಪೈಕಿಯವನಲ್ಲ. ವಾರದೊಳಗೆ ಊರಿಗೆಲ್ಲ ತಿಳಿಯಿತು. ಒಂಟಿಗುಂಡು ಎಂಬ ಹೆಸರು ಮರೆಯಾಯಿತು, ಹೆಕ್ಟರನಿಗೆ ಈಗ ಯಾರೂ ಯಾವ ಅಡ್ಡಹೆಸರನ್ನೂ ಹಿಡಿದು ಕರೆಯುತ್ತಿರಲಿಲ್ಲ. ಅವನು ಹೆಂಡದಂಗಡಿಗೆ ಬಂದರೆ ಮಾತು ಹವಾಮಾನಕ್ಕೆ ತಿರುಗುತ್ತಿತ್ತು. ಮುಂದಿನ ಮೇ ತಿಂಗಳಲ್ಲಿ ಅವನ ಕೆರೆಗೆ ಯಾರೂ ಹೋಗಲಿಲ್ಲ. ಕಾಲಿನ್ ವ್ಯಾಟಿಯ ಸಮಾಧಿಗೆ ಹೊಸ ಕಲ್ಲು ಹಾಕಿಸಿದನೆಂದು ಪಾದ್ರಿ ಹೇಳಿದರು. ನೋಲಾ ಅದನ್ನು ಹೋಗಿ ನೋಡಿದಳು, ಚೆನ್ನಾಗಿತ್ತು. ಕಾಲಿನ್‌ಗೆ ಮಾತ್ರ ಹೇಳಿ ಕಳಿಸಲಿಲ್ಲ.

ಅದೇ ಚಳಿಗಾಲ ಹೆಕ್ಟರ್ ಒಮ್ಮೆ ಷೆಡ್ಡಿನ ಬಾಗಿಲಿಗೆ ಬಂದ. ಬಂದೂಕು ಬಲಗೈಯಲ್ಲಿತ್ತು, ಭುಜ ಚೆನ್ನಾಗಿ ವಾಸಿಯಾಗಿತ್ತು.

"ನೋಲಾ," ಎಂದ. ಹುಡುಗಿ ಎನ್ನಲಿಲ್ಲ. "ಸ್ಪ್ರಿಂಗು ಸವೆದಿದೆ. ಹೊಸದು ಹಾಕ್ಕೊಡ್ತೀಯಾ?"

"ಇನ್ವರ್‌ಕಾರ್ಗಿಲ್‌ಗೆ ತಗೊಂಡು ಹೋಗು. ನಂಗೆ ತುಂಬ ಕೆಲಸ ಇದೆ."

ಅವನು ಅವಳ ಬೆನ್ನ ಹಿಂದೆ ನೋಡಿದ. ಬೆಂಚಿನ ಮೇಲೆ ಒಂದು ಚಹಾ ಲೋಟ ಬಿಟ್ಟರೆ ಏನೂ ಇರಲಿಲ್ಲ. ಅವನು ಅದನ್ನು ಸರಿಯಾಗಿ ನೋಡಲೆಂದು ನೋಲಾ ಬಾಗಿಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿದು ನಿಂತಳು.